ಸೋಪು ಮುಟ್ಟಬಾರದವರು

“ತಲೆ ಬಗ್ಸೇ ಮುಂಡೆ. ಇನ್ನೂ ಬಗ್ಸು.”

ಬಗ್ಗಿಸಿದೆ. ಮೇಸ್ತ್ರಿ ಮೂಗಿಗೆ ಕಟ್ಟಿಕೊಂಡಿದ್ದ ಕರ್ಚೀಫನ್ನು ಗಲ್ಲದ ಕೆಳಕ್ಕೆ ಎಳೆದು ನನ್ನ ನೆತ್ತಿಯ ಹತ್ತಿರ ಮುಖ ತಂದು ಮೂಸಿದ. ನೆತ್ತಿಯಿಂದ ಕುತ್ತಿಗೆಗೆ ಬಂದ, ಕುತ್ತಿಗೆಯಿಂದ ಕಂಕುಳಿಗೆ. ದನ ಕೊಳ್ಳುವವನು ಕೂಡ ಹೀಗೆ ಮೂಸುವುದಿಲ್ಲ, ಹಲ್ಲು ನೋಡಿ ಬಿಡುತ್ತಾನೆ. ಷೆಡ್ಡಿನ ಮುಂದೆ ಸಾಲಾಗಿ ನಿಂತಿದ್ದವರೆಲ್ಲ ನೆಲ ನೋಡುತ್ತಿದ್ದರು. ನನ್ನ ಗಂಡನೂ ನೆಲ ನೋಡುತ್ತಿದ್ದ.

“ಸೋಪು ಹಾಕಿದೀಯ.”

ಇಲ್ಲ ಅಂದೆ.

“ಸುಳ್ಳು ಬೊಗಳ್ಬೇಡ. ಕಿವಿ ಹಿಂದೆ ಘಮ ಘಮ ಅಂತಿದೆ. ಯಾವ ಮಿಂಡನಿಗೇ ಮೈ ತೊಳ್ಕೊಂಡಿದ್ದು?”

ಮಿಂಡನಿಗಲ್ಲ, ಮಗನಿಗೆ. ಆದರೆ ಆ ಹಲ್ಕಾಗೆ ಅದನ್ನು ಹೇಳಿ ಬಾಯಿ ಯಾಕೆ ನೋಯಿಸಿಕೊಳ್ಳಲಿ? ಅವನು ಡ್ರಮ್ಮಿನ ಮುಚ್ಚಳ ತೆಗೆಸಿ, ಉದ್ದ ಹಿಡಿಯ ಮಗ್ಗನ್ನು ಅದ್ದಿ ತುಂಬಿಸಿಕೊಂಡು ಬಂದ. ಕಣ್ಣು ಮುಚ್ಚಿಕೋ ಅಂದ. ಅಷ್ಟು ಮರ್ಯಾದೆ ಕೊಟ್ಟ. ನೆತ್ತಿಯ ಮೇಲೆ ನಿಧಾನವಾಗಿ, ಒಂದು ಹನಿಯೂ ತನ್ನ ಮೇಲೆ ಸಿಡಿಯದ ಹಾಗೆ ಸುರಿದ. ಅದು ಕೂದಲ ಬುಡದಿಂದ ಇಳಿದು ಕಿವಿ ತುಂಬಿ, ಅಂಗಿಯ ಒಳಗೆ ಹೋಗಿ, ಹಾಲು ಕಟ್ಟಿ ಕಲ್ಲಾಗಿದ್ದ ಎದೆಯ ಮೇಲೆ ಹರಿಯಿತು. ತುಟಿ ಬಿಗಿದುಕೊಂಡಿದ್ದರೂ ಒಂದು ಚೂರು ಬಾಯೊಳಗೆ ಹೋಯಿತು. ಉಗಿದೆ. ಮೇಸ್ತ್ರಿ ಕರ್ಚೀಫು ಮೇಲೆಳೆದುಕೊಂಡು ಮುಂದಿನವನನ್ನು ಮೂಸಲು ಹೋದ. ಅವನ ಕರ್ಚೀಫಿಗೆ ದಿನಾ ಬೆಳಿಗ್ಗೆ ಅತ್ತರು ಹಚ್ಚಿಕೊಂಡು ಬರುತ್ತಾನೆ.

ಆ ಡ್ರಮ್ಮಿನಲ್ಲಿರುವುದು ಆನೆಮದ್ದು. ಅದು ಏನು ಅಂತ ಗೊತ್ತಿಲ್ಲದವರಿಗೆ ಹೇಳುತ್ತೇನೆ, ಊಟಕ್ಕೆ ಕೂತಿದ್ದರೆ ಮುಗಿಸಿಕೊಂಡು ಬನ್ನಿ. ಕೋಳಿ ಫಾರಮ್ಮಿನಿಂದ ಕೆಟ್ಟ ಮೊಟ್ಟೆ ಬುಟ್ಟಿಗಟ್ಟಲೆ ಬರುತ್ತದೆ. ಅದನ್ನು ಒಡೆದು ಸುರಿಯಬೇಕು. ಕೆಲವು ಮೊಟ್ಟೆಯೊಳಗೆ ಅರ್ಧ ಬೆಳೆದ ಮರಿ ಇರುತ್ತದೆ, ಅದೂ ಒಳಕ್ಕೆ. ಮೀನಿನ ಕರುಳು, ಜಜ್ಜಿದ ಬೆಳ್ಳುಳ್ಳಿ, ಮೆಣಸಿನಕಾಯಿ ಪುಡಿ, ಸಗಣಿ, ಕರಿದು ಬಿಟ್ಟ ಎಣ್ಣೆ. ಮುಚ್ಚಳ ಹಾಕಿ ಬಿಸಿಲಿಗೆ ಬಿಟ್ಟರೆ ಮೇಲೆ ಬೂದುಬಣ್ಣದ ಕೆನೆ ಕಟ್ಟುತ್ತದೆ. ಹತ್ತಿರದಿಂದ ನೋಡಿದರೆ ಆ ಕೆನೆ ಮಿಸುಕಾಡುತ್ತದೆ, ಅದೆಲ್ಲ ಹುಳ. ಅದನ್ನು ಕೈಯಲ್ಲೇ ಕಲಸಿ, ಗೋಣಿಯಲ್ಲಿ ಸೋಸಿ, ಹಿಂಡಿ, ಹಳೆ ಬಟ್ಟೆ ಅದ್ದಿ, ಜೋಳದ ಹೊಲದ ಸುತ್ತ ತಂತಿಗೆ ತೂಗುಹಾಕಬೇಕು. ಕೈಗವಸು ಒಂದು ಸಲ ಕೊಟ್ಟಿದ್ದರು. ಫೋಟೋ ತೆಗೆದ ಮೇಲೆ ವಾಪಸು ಇಸಕೊಂಡರು.

ಧಣಿಯ ಹೊಲ ಕಾಡಿನ ಅಂಚಿನವರೆಗೂ ಇದೆ. ಅಂಚಿನವರೆಗೂ ಅನ್ನುವುದಕ್ಕಿಂತ ಕಾಡಿನೊಳಕ್ಕೇ ಇದೆ ಅನ್ನಬೇಕು, ಆದರೆ ಅದು ದೊಡ್ಡವರ ವಿಷಯ. ಮೊದಲು ಕರೆಂಟು ತಂತಿ ಹಾಕಿದ್ದ. ಒಂದು ಹೆಣ್ಣಾನೆ ಅಂಟಿಕೊಂಡು ಸತ್ತಾಗ ಕಾಡಿನ ಆಫೀಸಿನವರು ಬಂದು ಅವನನ್ನು ಅಲೆದಾಡಿಸಿದರು. ಆಮೇಲೆ ಧಣಿಗೆ ಪ್ರಾಣಿದಯೆ ಹುಟ್ಟಿತು. ಆನೆಯ ಮೂಗು ಬಲು ಸೂಕ್ಷ್ಮವಂತೆ, ನಾತಕ್ಕೆ ದೂರ ಹೋಗುತ್ತದಂತೆ, ನೋವೇ ಆಗುವುದಿಲ್ಲವಂತೆ. ನಮ್ಮ ಮೂಗಿನ ಮಾತು ಯಾರೂ ಎತ್ತಲಿಲ್ಲ.

ಬರೀ ಬಟ್ಟೆ ನೇತುಹಾಕಿದರೆ ಸಾಲದು, ಮನುಷ್ಯರ ಬೆವರೂ ಅದರ ಜೊತೆ ಸೇರಬೇಕು ಅಂತ ಯಾರೋ ಧಣಿಯ ಕಿವಿ ಊದಿದರು. ಅವತ್ತಿನಿಂದ ಕಲಸುವವರೇ ಸಂಜೆ ಹೊತ್ತು ನೆನೆಸಿದ ಗೋಣಿ ಹೊದ್ದು ಗಡಿಯುದ್ದಕ್ಕೂ ನಿಲ್ಲಬೇಕು. ಬೆದರುಬೊಂಬೆಗಾದರೂ ಒಣಹುಲ್ಲು ತುಂಬುತ್ತಾರೆ. ಒಂದು ಸಂಜೆ ಒಂದು ಮೂಲೆಯಲ್ಲಿ ಆನೆ ನುಗ್ಗಿತು. ಅಲ್ಲಿ ನಿಂತಿದ್ದದ್ದು ಹೊಸದಾಗಿ ಮದುವೆಯಾದ ಜೋಡಿ, ಇಬ್ಬರೂ ಅವತ್ತು ಮೈ ತೊಳೆದುಕೊಂಡಿದ್ದರು. ಆನೆ ಅದಕ್ಕೇ ಬಂತೋ, ಆ ಮೂಲೆಯ ತಂತಿ ಹರಿದು ಬಿದ್ದಿತ್ತು ಅಂತ ಬಂತೋ, ಆನೆಯನ್ನೇ ಕೇಳಬೇಕು. ಧಣಿ ಮಾತ್ರ ಯಾರನ್ನೂ ಕೇಳಲಿಲ್ಲ. ಮದ್ದಿನವರು ಕಟಾವು ಮುಗಿಯುವವರೆಗೂ ಸೋಪು ಮುಟ್ಟಬಾರದು ಅಂತ ಅಪ್ಪಣೆಯಾಯಿತು. ನಾವಿರುವ ಸಾಲುಮನೆಯ ನಲ್ಲಿಗೆ ಬೀಗ ಬಿತ್ತು, ಕುಡಿಯುವ ನೀರಿಗೆ ಬೆಳಿಗ್ಗೆ ಒಂದು ಸಲ ತೆಗೆಯುತ್ತಾರೆ. ಅಂಗಡಿಯವನಿಗೂ ನಮಗೆ ಸೋಪು ಮಾರಬೇಡ ಅಂತ ಹೇಳಿದ್ದಾರೆ. ಬೇಡ ಅಂದವರು ಸಾಲುಮನೆ ಬಿಡಬೇಕು, ಮನೆ ಧಣಿಯದು.

ನನ್ನ ಗಂಡನಿಗೆ ಇದು ಯಾವುದೂ ತಾಗುವುದಿಲ್ಲ. ಅವನು ಮೊದಲ ದಿನದಿಂದ ಮದ್ದು ಕಲಸಿದವನು, ಮೂಗು ಸತ್ತುಹೋಗಿದೆ. ಸಾರು ಸೀದರೂ ಉಣ್ಣುತ್ತಾನೆ, ಹಳಸಿದ್ದರೂ ಉಣ್ಣುತ್ತಾನೆ. ಅಷ್ಟು ಒಳ್ಳೆಯ ಗಂಡ ಯಾರಿಗೂ ಸಿಗಲ್ಲ ಅಂತ ಸಾಲುಮನೆಯ ಹೆಂಗಸರು ರೇಗಿಸುತ್ತಾರೆ. ನಾನೂ ನಗುತ್ತಿದ್ದೆ, ಮಗ ಹುಟ್ಟುವ ತನಕ.

ಬಾಣಂತನದಲ್ಲಿ ನನ್ನನ್ನು ಮದ್ದಿಗೆ ಕರೆದಿರಲಿಲ್ಲ. ಆಗ ಮಗ ಚೆನ್ನಾಗಿ ಕುಡಿಯುತ್ತಿದ್ದ, ಎದೆ ಬಿಡಿಸಿದರೆ ಊರು ಒಂದು ಮಾಡುತ್ತಿದ್ದ. ತೆನೆ ಹಾಲುಗಟ್ಟುವ ಹೊತ್ತಿಗೆ ಕೆಲಸಕ್ಕೆ ಕರೆದರು. ಮೊದಲ ದಿನ ಸಂಜೆ ಎತ್ತಿಕೊಂಡೆ. ಅವನು ನನ್ನ ಎದೆಯ ಹತ್ತಿರ ಮೂಗು ತಂದು, ಮುಖ ಕಿವುಚಿ, ಆ ಕಡೆ ತಿರುಗಿಕೊಂಡ. ಬಲವಂತ ಮಾಡಿದರೆ ಕಿರುಚಿದ. ನಾನು ಯಾರೋ ಅನ್ನುವ ಹಾಗೆ ನೋಡಿದ. ಹೆತ್ತ ಕೂಸಿಗೆ ಹೇಸಿಗೆಯಾದವಳ ಸಂಕಟ ಏನು ಅಂತ ನನಗೆ ಹೇಳಲು ಬರುವುದಿಲ್ಲ. ಬರೀ ನೀರು ಹಾಕಿ ಉಜ್ಜಿದರೆ ಎಣ್ಣೆ ಬಿಡುವುದಿಲ್ಲ, ನಾತ ಇನ್ನಷ್ಟು ಏಳುತ್ತದೆ. ಹಾಲು ಹಿಂಡಿ ಚಮಚದಲ್ಲಿ ಕುಡಿಸಿದರೆ ನನ್ನ ಬೆರಳಿನ ನಾತಕ್ಕೇ ವಾಂತಿ ಮಾಡಿದ. ಬೇರೆ ಹಾಲು ಹೊಟ್ಟೆಗೆ ಹಿಡಿಸಲಿಲ್ಲ. ಸಕ್ಕರೆ ನೀರಿನಲ್ಲಿ ಎಷ್ಟು ದಿನ ಇರುತ್ತಾನೆ?

ಅತ್ತೆ ಪೆಟ್ಟಿಗೆಯ ತಳದಲ್ಲಿ ಸವೆದ ಸೋಪಿನ ಚೂರೊಂದನ್ನು ಬಚ್ಚಿಟ್ಟಿದ್ದರು. ಮೇಸ್ತ್ರಿ ಕೈಗೆ ಸಿಕ್ಕಿಬಿದ್ದ ದಿನ ಅದನ್ನೇ ಹಾಕಿಕೊಂಡಿದ್ದೆ. ಅವತ್ತು ಬೆಳಿಗ್ಗೆ ಮಗ ನಾಲ್ಕು ಗುಟುಕು ಕುಡಿದಿದ್ದ. ನಾಲ್ಕೇ ಗುಟುಕು, ಆದರೂ ನನಗೆ ಕುಣಿದಾಡುವ ಹಾಗಾಗಿತ್ತು. ಸಂಜೆ ಮದ್ದಿನಲ್ಲಿ ಮಿಂದು ಮನೆಗೆ ಹೋದಾಗ ಮತ್ತೆ ಮುಖ ತಿರುಗಿಸಿದ. ಮೇಸ್ತ್ರಿ ಸೋಪಿನ ಚೂರನ್ನು ಹುಡುಕಿಸಿ ತೆಗೆದುಕೊಂಡು ಹೋಗಿದ್ದ.

ಆಗ ಅತ್ತೆಗೆ ಒಂದು ಉಪಾಯ ಹೊಳೆಯಿತು. ಅತ್ತೆ ವಯಸ್ಸಿನಲ್ಲಿ ಚರ್ಮ ಹದ ಮಾಡುವ ಕಡೆ ದುಡಿದವರು. ಆಗ ನನ್ನ ಗಂಡ ಎಳೆಕೂಸು, ಹಸಿ ಚರ್ಮದ ನಾತಕ್ಕೆ ಇವನೂ ಹೀಗೇ ಎದೆ ಬಿಟ್ಟಿದ್ದನಂತೆ. ಅತ್ತೆ ಚರ್ಮದ ಒಂದು ತುಣುಕು ತಂದು ಅವನ ಹಾಸಿಗೆಯ ಕೆಳಗೆ ಇಟ್ಟರಂತೆ, ಎರಡು ದಿನಕ್ಕೆ ನಾತ ರೂಢಿಯಾಗಿ ತಾನೇ ಬಾಯಿ ಹಾಕಿದನಂತೆ. ನಮ್ಮ ಮಕ್ಕಳು ಹೀಗೇ ಬೆಳೆಯುವುದು ಅಂತ ಅವರು ಆ ಕಥೆಯನ್ನು ಹೆಮ್ಮೆಯಿಂದ ಹೇಳುತ್ತಾರೆ. ಮರುದಿನ ನಾನು ಷೆಡ್ಡಿನಲ್ಲಿದ್ದಾಗ ಅವರು ತಂತಿಯ ಮೇಲಿನ ಒಂದು ಬಟ್ಟೆಯ ಚೂರು ಹರಿದುಕೊಂಡು ಬಂದು ತೊಟ್ಟಿಲ ಹಗ್ಗಕ್ಕೆ, ಮಗುವಿನ ಮುಖದ ನೇರಕ್ಕೆ ಕಟ್ಟಿ ತೂಗಿದರು. ಚರ್ಮದಲ್ಲಿ ಮೆಣಸಿನ ಪುಡಿ ಇರಲಿಲ್ಲ ಅನ್ನುವುದು ಪಾಪ ಅವರಿಗೆ ಹೊಳೆಯಲಿಲ್ಲ.

ನಾನು ಬರುವಾಗ ಮಗುವಿನ ಕಣ್ಣು ಊದಿ ಮುಚ್ಚಿಹೋಗಿತ್ತು. ಉಸಿರು ಎಳೆದರೆ ಸೀಟಿ ಹೊಡೆದ ಸದ್ದು. ಅತ್ತೆ ಬಾಗಿಲ ಹತ್ತಿರ ಕೂತು ಹಣೆ ಚಚ್ಚಿಕೊಳ್ಳುತ್ತಿದ್ದರು. ಬಯ್ಯೋಣ ಅಂತ ಬಾಯಿ ತೆರೆದೆ, ಅವರ ಮುಖ ನೋಡಿ ಆಗಲಿಲ್ಲ. ಮಗುವನ್ನು ಎತ್ತಿಕೊಂಡು ನಾನೂ ಗಂಡನೂ ಆಸ್ಪತ್ರೆಗೆ ಓಡಿದೆವು.

ಬಸ್ಸಿನವನು ಹತ್ತಿಸಲಿಲ್ಲ, ನಡೆದೇ ಹೋದೆವು. ಆಸ್ಪತ್ರೆಯಲ್ಲಿ ನರ್ಸಮ್ಮ ಒಳಗೆ ಬರಬೇಡಿ ಅಂತ ಮೆಟ್ಟಿಲ ಮೇಲೆ ನಿಲ್ಲಿಸಿ, ನನಗೂ ಬಾಗಿಲಿಗೂ ನಡುವೆ ಫಿನಾಯಿಲ್ ಸುರಿದಳು. ಮಗುವನ್ನು ಮಾತ್ರ ತೆಗೆದುಕೊಂಡು ಹೋಗಿ ಕಣ್ಣು ತೊಳೆದು ಹನಿ ಹಾಕಿ ತಂದಳು. ಡಾಕ್ಟರು ಕಿಟಕಿಯಿಂದಲೇ ಮಾತಾಡಿದರು. ಕಣ್ಣು ಸರಿಹೋಗುತ್ತದೆ, ಆದರೆ ಕೂಸು ಒಣಗಿದೆ, ಹೀಗೇ ಬಿಟ್ಟರೆ ಉಳಿಯಲ್ಲ ಅಂದರು. ಔಷಧಿ ಏನು ಅಂತ ನನ್ನ ಗಂಡ ಕೇಳಿದ.

“ಔಷಧಿ ಏನೂ ಬೇಡ. ತಾಯಿ ಹಾಲು ಕುಡಿಸ್ಬೇಕು. ಸೋಪು ಹಚ್ಚಿ ಚೆನ್ನಾಗಿ ಮೈ ತೊಳ್ಕೊಂಡು ಕುಡಿಸ್ಬೇಕು. ಸ್ನಾನ ಮಾಡೋಕೇನ್ರೀ ರೋಗ ನಿಮಗೆ? ಇಷ್ಟು ಗಲೀಜಾಗಿದ್ಕೊಂಡು ಮಕ್ಕಳನ್ನ ಯಾಕೆ ಹೆರ್ತೀರಿ?”

ಆ ಮನುಷ್ಯನ ಮನೆಯಲ್ಲಿ ತಿನ್ನುವ ಜೋಳ ಯಾರ ಹೊಲದ್ದು ಅಂತ ಕೇಳಬೇಕು ಅನ್ನಿಸಿತು. ಕೇಳಲಿಲ್ಲ, ತಲೆಯಾಡಿಸಿದೆ. ನಾಚಿಕೆಯಾಯಿತು. ಅವರ ಮಾತಿಗಲ್ಲ, ನಾನು ತಲೆಯಾಡಿಸಿದ್ದಕ್ಕೆ.

ವಾಪಸು ಬರುವ ದಾರಿಯಲ್ಲೇ ಧಣಿಯ ಬಂಗಲೆಗೆ ಹೋದೆವು. ಧಣಿ ಬಯ್ಯುವವನಲ್ಲ, ಬಯ್ಯಲು ಮೇಸ್ತ್ರಿ ಇದ್ದಾನೆ. ವರಾಂಡದ ಬೆತ್ತದ ಕುರ್ಚಿಯಲ್ಲಿ ಕೂತು, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಅಂತ ನೋಡಿ, ನಮ್ಮ ನಾತ ತನ್ನ ಕಡೆ ಬಾರದ ಬದಿಗೆ ನಿಲ್ಲಲು ಕೈಸನ್ನೆ ಮಾಡಿದ. ನಾನು ಎಲ್ಲ ಹೇಳಿದೆ. ಕಟಾವಿನವರೆಗೆ ನನ್ನೊಬ್ಬಳನ್ನು ಮದ್ದಿನಿಂದ ಬಿಡಿಸಿ ಕಳೆಗೋ ಕೊಟ್ಟಿಗೆಗೋ ಹಾಕಿ, ಒಂದು ಸೋಪು ಹಚ್ಚಲು ಬಿಡಿ ಅಂತ ಕೇಳಿದೆ. ಕೈ ಮುಗಿದೆ ಕೂಡ. ಮಗುವನ್ನು ಎತ್ತಿ ತೋರಿಸಿದೆ.

“ಅಯ್ಯೋ ಪಾಪ,” ಅಂದ ಧಣಿ. “ನೋಡಮ್ಮ, ಒಬ್ಬಳಿಗೆ ಬಿಟ್ರೆ ಎಲ್ಲರೂ ಕೇಳ್ತಾರೆ. ಆನೆ ಮೂಕಪ್ರಾಣಿ, ಅದಕ್ಕೆ ನೋವಾಗಬಾರದು ಅಂತ ತಾನೇ ನಾವೆಲ್ಲ ಇಷ್ಟು ಕಷ್ಟಪಡ್ತಿರೋದು. ಮಗು ಅಲ್ವಾ, ಹಸಿವಾದ್ರೆ ತಾನಾಗಿ ಕುಡಿಯುತ್ತೆ.”

ನಾವೆಲ್ಲ ಅಂತೆ, ಕಷ್ಟಪಡ್ತಿರೋದಂತೆ. ಇವನು ಯಾವತ್ತು ಡ್ರಮ್ಮಿಗೆ ಕೈ ಹಾಕಿದ? ನಾವು ಗೇಟು ದಾಟುವಷ್ಟರಲ್ಲಿ ಒಳಗಿನಿಂದ ಧಣಿಯ ಹೆಂಡತಿ ಅಮ್ಮಾವ್ರ ದನಿ ಕೇಳಿತು. ನಾವು ನಿಂತ ಜಾಗಕ್ಕೆ ಎರಡು ಕೊಡ ನೀರು ಹಾಕಿಸಿ ಅಂತ ಹೇಳುತ್ತಿದ್ದರು. ಅಷ್ಟು ನೀರಿನಲ್ಲಿ ನಾನು ಸ್ನಾನ ಮಾಡುತ್ತಿದ್ದೆ.

ಅದಾದ ಎರಡು ದಿನಕ್ಕೆ ಬಂಗಲೆಗೆ ದೊಡ್ಡ ಜನ ಬರುವವರಿದ್ದರು. ಆನೆಗೆ ನೋವು ಮಾಡದೆ ಬೆಳೆ ಕಾಯುವ ರೈತ ಅಂತ ಧಣಿಗೆ ಸನ್ಮಾನ. ಅಂಗಳಕ್ಕೆ ಕುರ್ಚಿ ಹಾಕಿಸಿದ್ದರು. ಮುಂದೆ ಕಲ್ಲಿನ ತೊಟ್ಟಿ, ತುಂಬ ತಿಳಿನೀರು, ಊಟ ಮಾಡಿದವರು ಕೈ ತೊಳೆಯಲಿ ಅಂತ ಅದರ ಕಟ್ಟೆಯ ಮೇಲೆ ಹೊಸ ಸೋಪುಗಳು, ಮಡಿಚಿಟ್ಟ ಬಿಳಿ ಟವೆಲುಗಳು. ನಾವು ಮದ್ದಿನವರು ಷೆಡ್ಡಿನ ಬಾಗಿಲು ಹಾಕಿಕೊಂಡು ಒಳಗೇ ಇರಬೇಕು, ಕತ್ತು ಹೊರಗೆ ಹಾಕಬಾರದು ಅಂತ ಮೇಸ್ತ್ರಿ ಹೇಳಿ ಹೋದ. ಗಾಳಿ ತಿರುಗಿದರೆ ಡ್ರಮ್ಮಿಗೆ ಗೋಣಿ ಮುಚ್ಚಿ, ನಮ್ಮ ಮೇಲೂ ಹೊದ್ದುಕೊಳ್ಳಬೇಕಂತೆ.

ಬಿಸಿಲು ಇಳಿಯುವ ಹೊತ್ತಿಗೆ ಅತ್ತೆ ಮಗುವನ್ನು ಎತ್ತಿಕೊಂಡು ಷೆಡ್ಡಿಗೆ ಬಂದರು. ಬೆಳಿಗ್ಗೆಯಿಂದ ಅವನು ಉಚ್ಚೆ ಹೊಯ್ದಿರಲಿಲ್ಲ. ತುಟಿ ಒಡೆದಿತ್ತು, ನೆತ್ತಿ ಕುಳಿಬಿದ್ದಿತ್ತು. ಮುಟ್ಟಿದರೆ ಅಳಲೂ ಇಲ್ಲ, ಬಾಯಿ ಮಾತ್ರ ತೆರೆದು ಮುಚ್ಚಿದ. ಅತ್ತೆ ನನ್ನ ಮುಖ ನೋಡಿದರು.

ನಾನು ಕೈ ಝಾಡಿಸಿ ಎದ್ದೆ. ಮಗು ಅತ್ತೆಯ ಕೈಯಲ್ಲೇ ಇರಲಿ ಅಂದೆ, ಬಾಗಿಲು ದೂಡಿದೆ. ಎಲ್ಲಿಗೆ ಅಂತ ಗಂಡ ಕೇಳಿದ. ಸ್ನಾನಕ್ಕೆ ಅಂದೆ. ಅವನೂ ಗೋಣಿ ಕಿತ್ತು ಬಿಸಾಡಿ ಹಿಂದೆ ಬಂದ. ಉಳಿದವರು ಬಂದಿದ್ದು ನನಗೆ ತಿರುಗಿ ನೋಡದೆಯೇ ಗೊತ್ತಾಯಿತು, ಗುಂಪಾಗಿ ನಡೆದರೆ ನಮ್ಮ ನಾತಕ್ಕೇ ಒಂದು ತೂಕ ಬರುತ್ತದೆ.

ಧಣಿ ಮೈಕಿನ ಮುಂದೆ ನಿಂತಿದ್ದ. ಆನೆಗೂ ಸಂಸಾರವಿದೆ, ಮರಿಗೆ ಹಾಲೂಡಿಸುವ ತಾಯಿ ಆನೆಯನ್ನು ನೋಡಿದರೆ ಕಣ್ಣು ತುಂಬುತ್ತದೆ ಅನ್ನುತ್ತಿದ್ದ. ಮೊದಲು ಹಿಂದಿನ ಸಾಲಿನವರು ಮೂಗು ಮುಚ್ಚಿಕೊಂಡರು, ಆಮೇಲೆ ಮುಂದಿನವರು. ಒಬ್ಬಾಕೆ ತಟ್ಟೆಯನ್ನು ಕೈಯಲ್ಲೇ ಹಿಡಿದುಕೊಂಡು ಓಡಿದಳು. ಕಾವಲಿನವನು ಕೋಲು ಅಡ್ಡ ಹಿಡಿದ. ಹತ್ತಿರ ಬಂದರೆ ಮೈಗೆ ತಾಗುತ್ತೇನೆ ಅಂತ ಒಂದೇ ಹೆಜ್ಜೆ ಮುಂದಿಟ್ಟೆ, ಅವನು ಹಿಂದಕ್ಕೆ ಸರಿದ. ಬಂದವರು ಮೊಬೈಲು ಎತ್ತಿ ಹಿಡಿದಿದ್ದರು, ಹಾಗಾಗಿ ಧಣಿ ಹೊಡೆಯಿರಿ ಅನ್ನಲೂ ಆಗದೆ, ಬಿಡಿ ಅನ್ನಲೂ ಆಗದೆ ನಗುತ್ತಾ ನಿಂತಿದ್ದ.

ನಾನು ಕಟ್ಟೆಯ ಮೇಲಿನ ಸೋಪು ತೆಗೆದುಕೊಂಡು ಬಟ್ಟೆಯ ಸಮೇತ ತೊಟ್ಟಿಯೊಳಗೆ ಇಳಿದೆ. ನೀರು ಸೊಂಟದವರೆಗೆ ಬಂತು. ತಲೆ ಮುಳುಗಿಸಿ ಎದ್ದೆ. ತಿಳಿನೀರಿನ ಮೇಲೆ ಎಣ್ಣೆಯ ಪೊರೆ ಹರಡಿತು, ಅದರ ಹಿಂದೆ ಮೊಟ್ಟೆಯ ಚಿಪ್ಪು, ಹುಳ, ಕೂದಲು. ಸೋಪು ಹಚ್ಚಿ ಉಜ್ಜಿದೆ. ನೆತ್ತಿ, ಕಿವಿಯ ಹಿಂದೆ, ಕುತ್ತಿಗೆ, ಕಂಕುಳು, ಮೇಸ್ತ್ರಿ ಮೂಸಿದ ಜಾಗವನ್ನೆಲ್ಲ ಉಜ್ಜಿದೆ. ನನ್ನ ಪಕ್ಕದಲ್ಲಿ ಒಬ್ಬೊಬ್ಬರೇ ಇಳಿದರು. ಹೊಸ ಜೋಡಿ ಒಬ್ಬರ ಬೆನ್ನು ಒಬ್ಬರು ತಿಕ್ಕಿದರು. ಯಾರೋ ಬಿಳಿ ಟವೆಲಿನಲ್ಲಿ ಮೂಗು ಸೀಟಿದರು. ಮೇಸ್ತ್ರಿ ಕಟ್ಟೆಯ ಸುತ್ತ ತಿರುಗುತ್ತಾ ಅಮ್ಮ ಅಕ್ಕ ಅಂತ ಬಯ್ಯುತ್ತಿದ್ದ, ಕೈ ಚಾಚಿ ಒಬ್ಬರನ್ನಾದರೂ ಎಳೆಯಲು ಅವನಿಗೆ ಅಸಹ್ಯ.

ಧಣಿ ಕೊನೆಗೆ ನನ್ನ ಗಂಡನ ಹತ್ತಿರ ಬಂದು, ಹಲ್ಲು ಕಚ್ಚಿಕೊಂಡು, ನಿನ್ನ ಹೆಂಡತಿಯನ್ನು ಕರೆದುಕೊಂಡು ಹೊರಡು ಅಂದ. ನನ್ನ ಗಂಡ ತಲೆತುಂಬ ನೊರೆ ಮಾಡಿಕೊಂಡಿದ್ದ.

“ನನಗೆ ವಾಸನೆ ಗೊತ್ತಾಗಲ್ಲ ಧಣಿ,” ಅಂದ. “ನೀವೇ ಸ್ವಲ್ಪ ಮೂಸಿ ಹೇಳಿ, ಹೋಯ್ತಾ ಇನ್ನೂ ಇದೆಯಾ?”

ಮದುವೆಯಾದಾಗಿನಿಂದ ಅವನು ಇಷ್ಟು ಉದ್ದ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ನಮ್ಮವರು ನಕ್ಕರು. ಧಣಿ ಬಂದವರ ಕಡೆ ತಿರುಗಿದ. ಅಷ್ಟರಲ್ಲಿ ಅರ್ಧ ಕುರ್ಚಿ ಖಾಲಿಯಾಗಿತ್ತು, ಕಾರುಗಳು ಹೊರಡುತ್ತಿದ್ದವು. ಅವನ ಮುಖದ ನಗು ಆಗ ಇಳಿಯಿತು. ನಾಳೆ ಬೆಳಗಾಗುವಷ್ಟರಲ್ಲಿ ಸಾಲುಮನೆ ಖಾಲಿ ಮಾಡಬೇಕು, ಒಬ್ಬನೂ ಉಳಿಯಕೂಡದು ಅಂತ ಕೂಗಿದ. ಅವನು ಕೂಗಿದ್ದನ್ನು ನಾವು ಕೇಳಿದ್ದು ಅದೇ ಮೊದಲು.

ನಾನು ಕಟ್ಟೆಯ ಮೇಲೆ ಕೂತು ಮಗುವನ್ನು ಇಸಕೊಂಡೆ. ಅವನು ಮೂಗು ತಂದ, ಮುಖ ಕಿವುಚಿದ, ತಿರುಗಿಕೊಂಡ. ಅತ್ತೆ ಅವನನ್ನು ಎತ್ತಿಕೊಂಡು, ಇನ್ನೊಂದು ಸಲ ತೊಳ್ಕೊಳೇ, ನಿಧಾನ ತೊಳ್ಕೋ ಅಂದರು. ಗಂಡ ತೊಟ್ಟಿಯ ನಲ್ಲಿ ತಿರುಗಿಸಿದ, ಹೊಸ ನೀರಿನ ಕೆಳಗೆ ಮತ್ತೆ ಇಳಿದೆ. ಹೆಂಗಸರು ಸುತ್ತ ನಿಂತು ಮರೆ ಮಾಡಿದರು. ಒಬ್ಬಳು ನನ್ನ ಕೂದಲು ಬಿಡಿಸಿದಳು, ಒಬ್ಬಳು ಉಗುರಿನ ಸಂದಿ ತಿಕ್ಕಿದಳು. ಚರ್ಮ ಕೆಂಪಾಗಿ ಉರಿಯುವವರೆಗೂ ಉಜ್ಜಿದರು. ಮೂರು ಸೋಪು ಸವೆದವು. ನಾನು ಅಳುತ್ತಿದ್ದೆ, ಬಯ್ಯುತ್ತಲೂ ಇದ್ದೆ, ಆ ಧಣಿಯ ವಂಶ ಹಾಳಾಗಲಿ ಅಂತ ಅವನಿಗೆ ಕೇಳುವ ಹಾಗೇ ಬಯ್ಯುತ್ತಿದ್ದೆ.

ಆಮೇಲೆ ಮತ್ತೆ ಮಗುವನ್ನು ಹಿಡಿದೆ. ಈ ಸಲ ಬಲವಂತ ಮಾಡಲಿಲ್ಲ, ಎದೆಯ ಹತ್ತಿರ ಸುಮ್ಮನೆ ಇಟ್ಟುಕೊಂಡೆ. ಅವನು ಮೂಸಿದ. ತುಟಿ ಅಲುಗಿಸಿದ. ತಡವರಿಸಿ, ಬಿಟ್ಟು, ಮತ್ತೆ ಹುಡುಕಿ, ಕಚ್ಚಿ ಹಿಡಿದ. ಎಳೆಯಲು ಶಕ್ತಿಯಿಲ್ಲ, ಒಂದು ಗುಟುಕಿಗೆ ಒಂದು ಸಲ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದ. ಆದರೂ ನುಂಗಿದ್ದು ಗಂಟಲಲ್ಲಿ ಕಾಣುತ್ತಿತ್ತು.

ಅಷ್ಟರಲ್ಲಿ ಕತ್ತಲಾಗುತ್ತಾ ಬಂತು. ಕಾಡಿನ ಕಡೆ ಒಂದು ಕೊಂಬೆ ಮುರಿದ ಸದ್ದು ಕೇಳಿತು. ಆ ದಿನ ತಂತಿಗೆ ಯಾರೂ ಬಟ್ಟೆ ಕಟ್ಟಿರಲಿಲ್ಲ, ಗಡಿಯಲ್ಲಿ ಯಾರೂ ನಿಂತಿರಲಿಲ್ಲ. ಧಣಿ ಮೇಸ್ತ್ರಿಯ ಮುಖ ನೋಡಿದ, ಮೇಸ್ತ್ರಿ ನಮ್ಮ ಮುಖ ನೋಡಿದ. ಎದ್ದೇಳ್ರೋ, ಆನೆ ಬಂದ್ವು ಅಂದ. ಯಾರೂ ಏಳಲಿಲ್ಲ. ಕಾವಲಿನವರನ್ನು ಕರೆದ, ಅವರು ನಮ್ಮದು ಗೇಟು ಕಾಯುವ ಕೆಲಸ ಅಂದರು. ಕೊನೆಗೆ ಧಣಿ ಮೇಸ್ತ್ರಿಗೇ ಹೋಗು ಅಂದ. ಸ್ವಲ್ಪ ಹೊತ್ತಿಗೆ ಷೆಡ್ಡಿನ ಕಡೆಯಿಂದ ಡ್ರಮ್ಮಿನ ಮುಚ್ಚಳ ಬಿದ್ದ ಸದ್ದು, ಅದರ ಹಿಂದೆಯೇ ಮೇಸ್ತ್ರಿ ಓ ಅಂತ ವಾಂತಿ ಮಾಡುವ ಸದ್ದು ಬಂತು.

ಹೊಲದ ಆ ಬದಿಯಲ್ಲಿ ಜೋಳದ ದಂಟು ಲಟಲಟನೆ ಮುರಿಯತೊಡಗಿತು. ಧಣಿ ನನ್ನ ಎದುರಿಗೇ ಬಂದು ನಿಂತ, ಸನ್ಮಾನಕ್ಕೆ ಹಚ್ಚಿಕೊಂಡಿದ್ದ ಅತ್ತರು ಮೂಗಿಗೆ ಬಡಿಯಿತು. ದನಿ ತಗ್ಗಿಸಿ, ನಿನಗೊಬ್ಬಳಿಗೆ ಮನೆ ಬಿಡುತ್ತೇನೆ, ಇವರಿಗೆಲ್ಲ ಹೇಳಿ ಎಬ್ಬಿಸು ತಾಯಿ ಅಂದ.

“ಮಗ ಕುಡೀತಿದಾನೆ,” ಅಂದೆ. “ಆ ಕಡೆ ಹೋಗು. ನಿನ್ನ ಅತ್ತರಿನ ನಾತಕ್ಕೆ ಎದೆ ಬಿಟ್ಟಾನು.”

ಧಣಿ ಕದಲಲಿಲ್ಲ. ಅತ್ತೆ ಎದ್ದು ಬಂದು ಅವನಿಗೂ ಮಗುವಿಗೂ ನಡುವೆ ನಿಂತರು. ನಾನು ಮಗನನ್ನು ಇನ್ನೊಂದು ಎದೆಗೆ ಹಾಕಿಕೊಂಡೆ.